ಉತಾರ, ಖರೀದಿಪತ್ರ ಮತ್ತು ಒಂದು ಬಟ್ಟೆಯ ಮಡಿಕೆ

— ಮಾಸ್ತರ್ರೇ, ರಾಜೂರಿನಂಥ ಊರಿನ ಮನೆಗಳಿಗೆ ಕಾಗದಪತ್ರ ಇಡಲಿಕ್ಕೆ ಹೊಸ ನಮೂನೆಯ ಫೈಲು ಬೇಕು ಅಂತ ನೀವು ಹೇಳುತ್ತೀರಿ. ನನಗೇನೋ ಅದು ಅಷ್ಟು ದೊಡ್ಡ ಪ್ರಶ್ನೆ ಅನ್ನಿಸೋದಿಲ್ಲ. ಗಜೇಂದ್ರಗಡದ ಪೇಟೆಗೆ ಹೋದರೆ ಗುಂಡಿ ಒತ್ತುವ ಪ್ಲಾಸ್ಟಿಕ್ ಫೋಲ್ಡರು ಸಿಗುತ್ತದೆ, ಟ್ಯಾಗ್ ಹಾಕುವ ರಟ್ಟಿನ ಫೈಲು ಸಿಗುತ್ತದೆ, ಕೋಬ್ರಾ ಫೈಲು, ಬಾಕ್ಸ್ ಫೈಲು ಬೇಕಂದರೆ ಅವೂ ಇವೆ. ಕಾಗದ ಕಳೆದುಕೊಳ್ಳುವವರು ಯಾವುದನ್ನು ಕೊಟ್ಟರೂ ಕಳೆದುಕೊಳ್ಳುತ್ತಾರೆ. ತಪ್ಪು ಫೈಲಿನದಲ್ಲ, ಮನುಷ್ಯರದು.

— ಮನುಷ್ಯರ ತಪ್ಪು ಅಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯಿತು ತಮ್ಮಾ. ಆದರೆ ಒಂದೇ ತಪ್ಪು ಮನೆಮನೆಯಲ್ಲೂ ಆಗುತ್ತಿದ್ದರೆ ಸಾಮಾನನ್ನೂ ಒಮ್ಮೆ ತಿರುವಿ ಹಾಕಿ ನೋಡಬೇಕು. ಈ ಭಾಗದ ಒಕ್ಕಲುತನದ ಮನೆಯೊಂದರ ಟ್ರಂಕಿನಲ್ಲಿ ಏನಿರುತ್ತದೆ ಅನ್ನೋದನ್ನು ಮೊದಲು ವಿಚಾರ ಮಾಡು. ಹೊಲದ ಉತಾರ, ಖರೀದಿಪತ್ರ, ಅಣ್ಣತಮ್ಮಂದಿರ ವಾಟ್ನಿ ಕಾಗದ, ಸರ್ವೇದವರು ಕೊಟ್ಟ ನಕಾಶೆ, ಮನೆಯ ನಮೂನೆ 9, ಪಂಚಾಯ್ತಿ ಕರದ ಪಾವತಿ, ಸೊಸೈಟಿ ಸಾಲ ತೀರಿಸಿದ ಪಾವತಿ, ಮಕ್ಕಳ ಮಾರ್ಕ್ಸ್ ಕಾರ್ಡು, ಜಾತಿ-ಆದಾಯದ ಪ್ರಮಾಣಪತ್ರ, ರೇಶನ್ ಕಾರ್ಡು, ಆಧಾರ್, ಪಾಸ್‌ಬುಕ್ಕು, ದವಾಖಾನೆಯ ಚೀಟಿ. ಇವುಗಳ ಅಳತೆ ಒಂದಲ್ಲ. ಏ4 ಹಾಳೆ 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ, ಹಳೆಯ ಸ್ಟಾಂಪ್ ಕಾಗದ ಅದಕ್ಕಿಂತ ಎರಡು ಇಂಚಿನಷ್ಟು ಉದ್ದ. ಪೇಟೆಯ ಫೋಲ್ಡರುಗಳು ಬಹುಪಾಲು ಏ4ಗೆ ಹೊಂದಿಸಿ ಮಾಡಿದವು. ಹೀಗಾಗಿ ಮನೆಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಕಾಗದವೇ ಕೆಳಗೆ ಮಡಚಿಕೊಂಡು ಕೂಡುತ್ತದೆ, ಆ ಮಡಿಕೆಯಲ್ಲೇ ಕೆಲವು ವರ್ಷಕ್ಕೆ ಸೀಳುತ್ತದೆ. ತಲೆಬರಹವೂ ಒಂದೇ ತರಹದ್ದಲ್ಲ. ಇಲ್ಲಿನ ಕಾಗದ 1956ಕ್ಕಿಂತ ಹಿಂದಿನದಾದರೆ ಮುಂಬಯಿ ಸರಕಾರದ ಕಾಲದ್ದು, ಆಮೇಲಿನದು ಮೈಸೂರು ರಾಜ್ಯದ್ದು, 1973ರ ನಂತರದ್ದು ಕರ್ನಾಟಕದ್ದು. ಜಿಲ್ಲೆ 1997ರವರೆಗೆ ಧಾರವಾಡ, ಅಲ್ಲಿಂದ ಗದಗ. ತಾಲೂಕು ಮೊದಲು ರೋಣ, ಈಗ ಗಜೇಂದ್ರಗಡ. ಹೊಲ ಒಂದು ಗೇಣೂ ಸರಿದಿಲ್ಲ, ಅದರ ವಿಳಾಸ ಮಾತ್ರ ಇಷ್ಟು ಸಲ ಬದಲಾಗಿದೆ. ‘ರೋಣ ತಾಲೂಕು’ ಅಂತ ಬರೆದ ಕಾಗದ ಈಗ ನಡೆಯೋದಿಲ್ಲ ಅಂತ ತಿಳಿದು ಯಾರಾದರೂ ಹರಿದು ಒಗೆದರೆ, ಆ ಹೊಲದ ಹಿಂದಿನ ಸರಪಳಿಯ ಒಂದು ಕೊಂಡಿ ಹೋದಂತೆ.

— ಅದು ಖರೆ. ಆದರೂ ಟ್ರಂಕಿನಲ್ಲಿ ಇದ್ದರೆ ಇದ್ದೇ ಇರುತ್ತದಲ್ಲ.

— ಟ್ರಂಕಿನಲ್ಲಿ ಇದ್ದಷ್ಟು ದಿನ ಇರುತ್ತದೆ. ನನ್ನ ಇಡೀ ವಾದ ಇರೋದು ಇಲ್ಲೇ. ಕಾಗದ ಇಟ್ಟಲ್ಲಿ ಕಳೆಯೋದು ಕಡಿಮೆ; ಹೊರಗೆ ಹೋಗಿ ಬರುವಾಗ ಕಳೆಯೋದೇ ಹೆಚ್ಚು. ಫೈಲು ಮಾಡುವವರೆಲ್ಲ ಇಡೋದನ್ನು ಕುರಿತು ಯೋಚನೆ ಮಾಡಿದ್ದಾರೆ, ತೆಗೆದು ಮತ್ತೆ ಸೇರಿಸೋದನ್ನು ಕುರಿತು ಮಾಡಿಲ್ಲ. ಬೆಳೆವಿಮೆಯನ್ನೇ ತಗೋ. 2016ರಲ್ಲಿ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಬಂದ ಮೇಲೆ ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಬಿತ್ತಿದವರು ಉತಾರ, ಆಧಾರ್, ಪಾಸ್‌ಬುಕ್ಕು ಹಿಡಿದುಕೊಂಡು ಕೊನೆಯ ತಾರೀಖಿನೊಳಗೆ ಓಡಾಡಬೇಕು. ಝೆರಾಕ್ಸ್ ಅಂಗಡಿಯಲ್ಲಿ ಏನಾಗುತ್ತದೆ ಅನ್ನೋದನ್ನು ಲಕ್ಷ್ಯಕೊಟ್ಟು ನೋಡು. ಅಸಲು ಕಾಗದವನ್ನು ಗಾಜಿನ ಮೇಲೆ ಬೋರಲು ಹಾಕಿ ಮುಚ್ಚಳ ಮುಚ್ಚುತ್ತಾರೆ. ನಕಲು ಮಾತ್ರ ಮಶೀನಿನ ಇನ್ನೊಂದು ಬದಿಯಿಂದ ಬಿಸಿಬಿಸಿಯಾಗಿ ಹೊರಗೆ ಬೀಳುತ್ತದೆ. ಕಣ್ಣು, ಕೈ ಎರಡೂ ನಕಲಿನ ಕಡೆ. ಎಣಿಸಿ, ದುಡ್ಡು ಕೊಟ್ಟು, ಫೋಲ್ಡರಿನ ಗುಂಡಿ ಒತ್ತಿ ಹೊರಟರೆ ಅಸಲು ಮುಚ್ಚಳದ ಕೆಳಗೇ ಉಳಿಯುತ್ತದೆ. ಗುಂಡಿ ಒತ್ತುವಾಗ ಆ ಫೋಲ್ಡರು ‘ಒಳಗೊಂದು ಕಾಗದ ಕಡಿಮೆ ಇದೆ’ ಅಂತ ಸುಳಿವು ಕೊಡಬೇಕಿತ್ತು. ಪೇಟೆಯ ಯಾವ ಫೋಲ್ಡರೂ ಅದನ್ನು ಕೊಡೋದಿಲ್ಲ. ಹತ್ತು ಕಾಗದ ಇದ್ದರೂ ಒಂಬತ್ತಿದ್ದರೂ ಅದರ ಮುಖ ಒಂದೇ.

— ನೀವು ಹೇಳುವ ಓಡಾಟವೇ ಕಡಿಮೆಯಾಗುತ್ತಿದೆಯಲ್ಲ ಸರ್. ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಏರಿ ಇಪ್ಪತ್ತು ವರ್ಷದ ಮೇಲಾಯಿತು. ತಲಾಠಿಯ ಕೈಬರಹದ ಉತಾರಕ್ಕೆ ಕಾಯುವ ಕಾಲ ಹೋಯಿತು. 2015ರಿಂದ ಡಿಜಿಲಾಕರ್ ಇದೆ. ಆಧಾರ್, ಲೈಸೆನ್ಸು, ಈಚಿನ ವರ್ಷಗಳ ಮಾರ್ಕ್ಸ್ ಕಾರ್ಡು ಎಲ್ಲ ಮೊಬೈಲಿನಲ್ಲೇ ಬರುತ್ತವೆ. ಇನ್ನು ಹತ್ತು ವರ್ಷಕ್ಕೆ ನಿಮ್ಮ ಫೈಲಿನಲ್ಲಿ ಇಡಲಿಕ್ಕೆ ಏನು ಉಳಿಯುತ್ತದೆ? ಹೋಗುವ ಸಾಮಾನಿಗೆ ಹೊಸ ಚೀಲ ಹೊಲಿದಂತಾಗೋದಿಲ್ಲವೆ?

— ನೀನು ಹೇಳಿದ್ದು ನನ್ನ ವಾದಕ್ಕೇ ಬಲ ಕೊಡುತ್ತದೆ. ಮತ್ತೆ ಮತ್ತೆ ತೆಗೆಸಬಹುದಾದ ಕಾಗದ ಟ್ರಂಕಿನಲ್ಲಿ ಇರಲೇಬೇಕಾಗಿಲ್ಲ. ಹೋದ ವರ್ಷದ ಉತಾರಗಳು, ಹಳೆಯ ಝೆರಾಕ್ಸ್ ಪ್ರತಿಗಳು, ಅವಧಿ ಮುಗಿದ ಆದಾಯ ಪ್ರಮಾಣಪತ್ರಗಳು ನಿರುಮ್ಮಳವಾಗಿ ಒಲೆಗೆ ಹೋಗಲಿ. ಕಂಪ್ಯೂಟರು ಅಷ್ಟರಮಟ್ಟಿಗೆ ಮನೆಯ ಭಾರ ಇಳಿಸಿದೆ. ಉಳಿಯೋದು ಕಂಪ್ಯೂಟರು ಕೊಡಲಾರದ್ದು. ಪಂಚರ ಮುಂದೆ ಬರೆದು ರುಜು ಹಾಕಿ, ರಿಜಿಸ್ಟರ್ ಮಾಡಿಸದೆ ಬಿಟ್ಟ ವಾಟ್ನಿ ಕಾಗದಕ್ಕೆ ಯಾವ ಕಚೇರಿಯಲ್ಲೂ ಪ್ರತಿ ಇರೋದಿಲ್ಲ. ಸಾಲ ತೀರಿಸಿದ ಪಾವತಿಯ ಕಥೆಯೂ ಅದೇ. ಖರೀದಿಪತ್ರದ್ದು ಇನ್ನೊಂದು ತರಹ. ಅದರ ದೃಢೀಕೃತ ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗುತ್ತದೆ ಖರೆ. ಆದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 58ನೇ ಕಲಮಿನಲ್ಲಿ ಅಸಲು ಪತ್ರವನ್ನು ಒಪ್ಪಿಸಿ ಸಾಲ ಪಡೆಯುವ ಅಡಮಾನ ಅಂತಲೇ ಒಂದಿದೆ. ಅದಕ್ಕೇ ಬ್ಯಾಂಕು ಅಸಲನ್ನು ಕೇಳುತ್ತದೆ. ಅಸಲು ಹೋದರೆ ಪೊಲೀಸರಲ್ಲಿ ದೂರು, ಪೇಪರಿನಲ್ಲಿ ಪ್ರಕಟಣೆ, ವಕೀಲರ ಅಭಿಪ್ರಾಯ ಅಂತ ಒಂದು ಮೆರವಣಿಗೆಯೇ ಹೊರಡುತ್ತದೆ. ಹೀಗಾಗಿ ಕಾಗದವನ್ನು ವಿಂಗಡಿಸುವಾಗ ‘ಯಾವುದು ಮುಖ್ಯ’ ಅಂತ ಕೇಳಬಾರದು, ಎಲ್ಲವೂ ಮುಖ್ಯ ಅಂತಲೇ ಉತ್ತರ ಬರುತ್ತದೆ. ‘ಕಳೆದರೆ ಮತ್ತೆ ಸಿಗೋದು ಎಷ್ಟು ಕಷ್ಟ’ ಅಂತ ಕೇಳಬೇಕು. ಆಗ ಆಧಾರ್ ಕಾರ್ಡು ಕೆಳಗಿಳಿಯುತ್ತದೆ, ಮೂಲೆಯಲ್ಲಿ ಮುದುಡಿ ಬಿದ್ದ ವಾಟ್ನಿ ಕಾಗದ ಮೇಲೇರುತ್ತದೆ.

— ಸರಿ, ಅಸಲು ಕಾಗದ ಉಳಿಯುತ್ತವೆ ಅಂತಲೇ ಇಟ್ಟುಕೊಳ್ಳೋಣ. ಪ್ಲಾಸ್ಟಿಕ್ ಫೋಲ್ಡರು ಯಾಕೆ ಸಾಲದು? ಅಗ್ಗ, ಹಗುರ, ಮುಖ್ಯವಾಗಿ ನೀರು ಹೊಗೋದಿಲ್ಲ. ನಮ್ಮ ಕಡೆ ಮಣ್ಣಿನ ಮೇಲ್ಮುದ್ದೆಯ ಮನೆಗಳು ಇನ್ನೂ ಇವೆ, ಎರಡು ದಿನ ಜಡಿಮಳೆ ಹಿಡಿದರೆ ಸೋರುತ್ತವೆ. 2009ರಲ್ಲಿ, ಮತ್ತೆ 2019ರಲ್ಲಿ ಮಲಪ್ರಭೆ ಉಕ್ಕಿ ರೋಣ, ನರಗುಂದ ತಾಲೂಕಿನ ದಂಡೆಯ ಊರುಗಳಿಗೆ ನುಗ್ಗಿದಾಗ ಬಟ್ಟೆಯ ಗಂಟಿನಲ್ಲಿ ಕಾಗದ ಇಟ್ಟವರ ಗತಿ ಏನಾಗಿರಬಹುದು ಹೇಳಿ.

— ನೀರಿನ ಮಾತಿಗೆ ನನ್ನಲ್ಲಿ ಎದುರು ಮಾತಿಲ್ಲ. ಹೊರಗೆ ಒಯ್ಯುವಾಗ ಪ್ಲಾಸ್ಟಿಕ್ಕೇ ಸರಿ. ವರ್ಷಾನುಗಟ್ಟಲೆ ಇಡಲಿಕ್ಕೆ ಅಲ್ಲ. ಝೆರಾಕ್ಸಿನ, ಲೇಸರ್ ಪ್ರಿಂಟಿನ ಅಕ್ಷರ ಶಾಯಿಯದಲ್ಲ, ಕಾಗದದ ಮೇಲೆ ಕಾಯಿಸಿ ಕೂಡಿಸಿದ ಒಂದು ಬಗೆಯ ಪ್ಲಾಸ್ಟಿಕ್ ಪುಡಿಯದು. ಅಗ್ಗದ ಪಿವಿಸಿ ಹಾಳೆಯನ್ನು ಮೆತ್ತಗೆ ಮಾಡಲಿಕ್ಕೆ ಬೆರೆಸಿದ ದ್ರವ್ಯ ನಿಧಾನವಾಗಿ ಹೊರಬಂದು ಆ ಪುಡಿಯನ್ನೂ ಮೆತ್ತಗೆ ಮಾಡುತ್ತದೆ. ತಗಡಿನ ಟ್ರಂಕು, ಏಪ್ರಿಲ್-ಮೇ ತಿಂಗಳ ಬಿಸಿಲು, ಮೇಲೆ ಸೀರೆ-ಚಾದರಗಳ ಭಾರ. ಕೆಲವು ವರ್ಷ ಬಿಟ್ಟು ಕಾಗದ ಎಳೆದರೆ ಅಕ್ಷರ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಬರುತ್ತವೆ, ಉತಾರದ ಹೆಸರು ಫೋಲ್ಡರಿನ ಒಳಮೈಮೇಲೆ ತಿರುಗುಮುರುಗಾಗಿ ಮೂಡಿರುತ್ತದೆ. ಪಾಲಿಪ್ರೊಪಿಲೀನ್ ಹಾಳೆಗೆ ಈ ರೋಗ ಇಲ್ಲ, ಆದರೆ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ಯಾವುದು ಯಾವುದು ಅಂತ ಹೇಳುವವರು ಯಾರು? ಲ್ಯಾಮಿನೇಶನ್ ಇದಕ್ಕಿಂತ ಕೆಟ್ಟದ್ದು. ಒಮ್ಮೆ ಬಿಸಿ ಅಂಟಿನೊಳಗೆ ಹೋದ ಮಾರ್ಕ್ಸ್ ಕಾರ್ಡು ಅಷ್ಟೇ ಸೈ. ಅದರ ಹಿಂದೆ ಶಿಕ್ಕೆ ಹೊಡೆಯಲಿಕ್ಕೆ ಬರೋದಿಲ್ಲ, ವಿದೇಶಕ್ಕೆ ಹೋಗುವಾಗಿನ ದೃಢೀಕರಣಕ್ಕೆ ಅಂಥದ್ದನ್ನು ತೆಗೆದುಕೊಳ್ಳೋದಿಲ್ಲ. ಇದೆಲ್ಲಕ್ಕಿಂತ ಮೊದಲು ಪ್ಲಾಸ್ಟಿಕ್ ಫೋಲ್ಡರಿನ ಮೂಲ ದೋಷ ಬೇರೆಯದೇ ಇದೆ. ಅದೊಂದು ಚೀಲ. ಒಂದು ಬೇಕಂದರೆ ಎಲ್ಲವನ್ನೂ ಹೊರಗೆ ಸುರಿಯಬೇಕು, ಸುರಿದದ್ದನ್ನು ಬಂದ ಹಾಗೆ ತುರುಕಬೇಕು. ಪ್ರತಿ ಸಲ ತೆಗೆದಾಗಲೂ ಅನುಕ್ರಮ ಹಾಳಾಗುವ ವಸ್ತುವಿನಲ್ಲಿ ಅನುಕ್ರಮ ಇಟ್ಟುಕೊಳ್ಳದವರನ್ನು ಬೈದು ಏನು ಫಾಯಿದೆ?

— ಹಾಗಾದರೆ ಟ್ಯಾಗ್ ಫೈಲು. ಅನುಕ್ರಮ ಕೆಡೋದಿಲ್ಲ, ಕಾಗದ ಜಾರೋದಿಲ್ಲ. ಇಡೀ ಸರಕಾರ ಅದರ ಮೇಲೆಯೇ ನಡೆದಿದೆ. ಎಡಕ್ಕೆ ಟಿಪ್ಪಣಿ ಹಾಳೆ, ಬಲಕ್ಕೆ ಪತ್ರವ್ಯವಹಾರ, ಪುಟಪುಟಕ್ಕೂ ನಂಬರು. ಇದಕ್ಕಿಂತ ಶಿಸ್ತು ಬೇಕೆ?

— ಕಚೇರಿಗೆ ಅದು ಬಲು ಚಲೋ ವಿನ್ಯಾಸ, ನಾನು ಅದನ್ನು ಹಳಿಯೋದಿಲ್ಲ. ಕಚೇರಿಯ ಫೈಲು ಬೆಳೆಯುತ್ತ ಹೋಗುತ್ತದೆ. ಸೇರಿದ ಕಾಗದ ಹೊರಗೆ ಬರಬಾರದು. ಯಾರೋ ನಡುವಿನ ಹಾಳೆ ಎಗರಿಸಿದರೆ ಪುಟದ ನಂಬರು ಹೇಳಿಬಿಡುತ್ತದೆ. ಅಲ್ಲಿ ಟ್ಯಾಗು ಒಂದು ಕಾವಲು. ಮನೆಯ ಕಾಗದದ ಕೆಲಸ ಇದಕ್ಕೆ ತೀರ ಉಲ್ಟಾ: ಹೊರಗೆ ಹೋಗಬೇಕು, ತೋರಿಸಿಕೊಳ್ಳಬೇಕು, ತಿರುಗಿ ಬರಬೇಕು. ಟ್ಯಾಗಿನಿಂದ ಕೆಳಗಿನ ಕಾಗದ ತೆಗೆಯಬೇಕಾದರೆ ಮೇಲಿನವನ್ನೆಲ್ಲ ಬಿಚ್ಚಬೇಕು. ಕೌಂಟರಿನ ಮುಂದೆ ಸಾಲಿನಲ್ಲಿ ನಿಂತವರಿಗೆ ಅಷ್ಟು ಪುರಸೊತ್ತೆಲ್ಲಿ? ಎಳೆಯುತ್ತಾರೆ, ತೂತು ಹರಿಯುತ್ತದೆ. ಜರ್ಮನಿಯ ಲೂಯಿ ಲೈಟ್ಸ್ 1896ರಲ್ಲಿ ಸನ್ನೆ ಎತ್ತಿ ತೆರೆಯುವ ಬಾಕ್ಸ್ ಫೈಲನ್ನು ರೂಪಿಸಿದ್ದು ಈ ಬಿಚ್ಚುವ ತಾಪತ್ರಯ ತಪ್ಪಿಸಲಿಕ್ಕೇ. ಎರಡು ತೂತುಗಳ ನಡುವೆ 80 ಮಿ.ಮೀ. ಅಂತರ ಅನ್ನೋದು ಈಗ ಅಂತರರಾಷ್ಟ್ರೀಯ ಮಾನಕವೇ ಆಗಿದೆ. ಆದರೆ ಅದೂ ತೂತು ಬೇಡುತ್ತದೆ. ಅಂಚಿನವರೆಗೂ ಬರೆದ, ಪಕ್ಕದಲ್ಲಿ ಸಾಕ್ಷಿದಾರರ ರುಜು, ಹೆಬ್ಬೆಟ್ಟಿನ ಗುರುತು ಇರುವ ಹಳೆಯ ಕಾಗದಕ್ಕೆ ಎಲ್ಲಿ ತೂತು ಹೊಡೆಯಬೇಕು? ತಾಳೆಗರಿಯವರು ಈ ವಿಷಯದಲ್ಲಿ ನಮಗಿಂತ ಜಾಣರು. ಅವರು ಮೊದಲು ತೂತಿನ ಜಾಗ ಗೊತ್ತುಮಾಡಿ, ಸುತ್ತ ಒಂದಿಷ್ಟು ಖಾಲಿ ಬಿಟ್ಟು ಬರೆಯುತ್ತಿದ್ದರು. ದಾರವನ್ನು ಗರಿ ಹೊರಳಿಸಲಿಕ್ಕೆ ಬರುವಷ್ಟು ಸಡಿಲ ಬಿಡುತ್ತಿದ್ದರು. ನಾವು ಬರೆದಾದ ಮೇಲೆ ತೂತು ಹೊಡೆಯುತ್ತೇವೆ.

— ಎಲ್ಲದಕ್ಕೂ ಕೊಂಕು ತೆಗೆದಿರಿ. ಈಗ ನಿಮ್ಮದೇನು ಅಂತ ಹೇಳಿ.

— ನನ್ನದು ಪೂರಾ ಹೊಸದೇನಲ್ಲ, ಈ ನಾಡಿನವರು ಬಿಟ್ಟುಕೊಟ್ಟದ್ದನ್ನು ತಿರುಗಿ ತಂದದ್ದು. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರತಂದ ದಕ್ಷಿಣ ಭಾರತದ ಚರಿತ್ರೆಯಲ್ಲಿ ಕಡತವನ್ನು ಕುರಿತು ಬರೆದಿದ್ದಾನೆ. ಹತ್ತಿಯ ಬಟ್ಟೆಯ ಒಂದು ಪಟ್ಟಿ, ಅಗಲ 8 ಇಂಚಿನಿಂದ ಒಂದು ಅಡಿ, ಉದ್ದ 12ರಿಂದ 18 ಅಡಿ. ಎರಡೂ ಮೈಗೆ ಅಂಟು, ಇದ್ದಿಲ ಪುಡಿ ಬಳಿದು ಕರಿದು ಮಾಡಿ, ಕತ್ತರಿಸದೆ ಹಿಂದೆ ಮುಂದೆ ಮಡಚುತ್ತ ಹೋಗೋದು. ಎರಡು ತುದಿಗೆ ಹಲಗೆ. ಬರೆಯೋದು ಬಳಪದಿಂದ. ವ್ಯಾಪಾರಸ್ಥರು, ಶ್ಯಾನುಭೋಗರು ಲೆಕ್ಕ ಇಡುತ್ತಿದ್ದದ್ದು ಇದರಲ್ಲಿ. ಶೃಂಗೇರಿ ಮಠದಂಥ ಕಡೆ ಅವು ಇನ್ನೂ ಉಳಿದಿವೆ. ಬಳಪದ ಬರಹ ಒರೆಸಿದರೆ ಹೋಗುತ್ತದೆ ಅನ್ನೋದು ಅದರ ದೌರ್ಬಲ್ಯ, ಆ ಚರ್ಚೆ ನಮಗೆ ಬೇಡ. ಮಡಿಕೆಯನ್ನು ಮಾತ್ರ ನೋಡು. ಎಲ್ಲ ಪುಟಗಳೂ ಒಂದೇ ಬಟ್ಟೆ. ಒಂದು ಪುಟ ಎಲ್ಲಿಯೋ ಬಿತ್ತು ಅನ್ನುವ ಮಾತೇ ಇಲ್ಲ. ಎಳೆದರೆ ಇಡೀ ಲೆಕ್ಕ ಒಮ್ಮೆಗೇ ಕಣ್ಣಮುಂದೆ, ಮಡಚಿದರೆ ಕಂಕುಳಲ್ಲಿ. ಆ ಪಟ್ಟಿಯ ಮೇಲೆ ಬರೆಯುವ ಬದಲು ಕಿಸೆ ಹೊಲಿ ಅನ್ನೋದಷ್ಟೇ ನಾನು ಸೇರಿಸೋದು. ಐದು ಮಡಿಕೆ. ಒಂದೊಂದೂ 15 ಇಂಚು ಎತ್ತರ, 10 ಇಂಚು ಅಗಲ, ಸ್ಟಾಂಪ್ ಕಾಗದ ಮಡಚದೆ ಕೂಡುವಷ್ಟು. ಬಟ್ಟೆಯ ಎರಡು ಪದರದ ನಡುವೆ ರಟ್ಟು, ಎರಡು ರಟ್ಟಿನ ನಡುವೆ ಮುಕ್ಕಾಲು ಇಂಚು ಬರೀ ಬಟ್ಟೆ. ಇಲ್ಲದಿದ್ದರೆ ಕಾಗದ ತುಂಬಿದಾಗ ಮಡಿಕೆ ಕೂಡೋದಿಲ್ಲ. ಕಿಸೆಯ ಮುಂಭಾಗ 10 ಇಂಚು ಮಾತ್ರ ಎತ್ತರ. ಹೀಗೆ ಮಾಡಿದರೆ ಒಳಗಿನ ಕಾಗದದ ತಲೆ ಹೊರಗೆ ಕಾಣುತ್ತದೆ, ತೆಗೆಯದೆಯೇ ಅದು ಯಾವುದು ಅಂತ ತಿಳಿಯುತ್ತದೆ. ಗಜೇಂದ್ರಗಡ ನೇಕಾರರ ಊರು. ಪಟ್ಟೇದ ಅಂಚಿನ ಸೀರೆ ನೇಯ್ದ ಮಗ್ಗಗಳ ಊರಿಗೆ ದಪ್ಪ ಹತ್ತಿಯ ಬಟ್ಟೆ ಹೊರಗಿನಿಂದ ತರಬೇಕಾಗಿಲ್ಲ. ಆ ಸೀರೆಯ ಅಗಲವಾದ ಕೆಂಪು ಅಂಚು ಇದೆಯಲ್ಲ, ಅದನ್ನು ಅಸಲು ಕಾಗದ ಇಡುವ ಕಿಸೆಯ ಹಿಂಬದಿಗೆ, ಕಾಗದದ ತಲೆ ಬಂದು ಮುಚ್ಚುವ ಜಾಗಕ್ಕೆ ಸರಿಯಾಗಿ ಹೊಲಿಯಬೇಕು. ಕಾಗದ ಇದ್ದರೆ ಕೆಂಪು ಕಾಣೋದಿಲ್ಲ. ಕಾಗದ ಝೆರಾಕ್ಸ್ ಮಶೀನಿನ ಮುಚ್ಚಳದ ಕೆಳಗೆ ಉಳಿದರೆ ಮಡಚುವವರ ಕಣ್ಣಿಗೆ ಕೆಂಪು ಹೊಡೆಯುತ್ತದೆ. ಓದು ಬಾರದವರಿಗೂ ಅದು ತಿಳಿಯುತ್ತದೆ.

— ಒಂದು ಕಿಸೆಯಲ್ಲಿ ನಾಲ್ಕು ಕಾಗದ ಇಟ್ಟರೆ? ಒಂದು ಹೋದರೂ ಉಳಿದ ಮೂರು ಕೆಂಪನ್ನು ಮುಚ್ಚುತ್ತವೆ.

— ಮುಚ್ಚುತ್ತವೆ. ಅದಕ್ಕೇ ಕೆಂಪು ಅಂಚಿನ ಕಿಸೆಗೆ ಒಂದೇ ಕಾಗದ ಅನ್ನುವ ನಿಯಮ. ಐದು ಮಡಿಕೆಯಲ್ಲಿ ಮೂರಕ್ಕಷ್ಟೇ ಕೆಂಪು ಸಾಕು. ಮತ್ತೆ ಸಿಗದ ಕಾಗದ ಒಂದು ಮನೆಯಲ್ಲಿ ಅಷ್ಟೇನೂ ಇರೋದಿಲ್ಲ, ಇದ್ದರೆ ಹಿಂಬದಿಯಲ್ಲೂ ಕಿಸೆ ಹೊಲಿಯಬಹುದು. ಉಳಿದ ಎರಡು ಮಡಿಕೆ ಓಡಾಡುವ ಕಾಗದಕ್ಕೆ: ಒಂದು ಹೊಲ-ಬ್ಯಾಂಕಿನದು, ಇನ್ನೊಂದು ಸಾಲಿ-ದವಾಖಾನೆಯದು. ಇವನ್ನು ಹೆಸರಿನಿಂದ ವಿಂಗಡಿಸಬಾರದು, ಕೆಲಸದಿಂದ ವಿಂಗಡಿಸಬೇಕು. ಬೆಳೆವಿಮೆಗೆ ಬೇಕಾದ ಮೂರೂ ಪ್ರತಿ ಒಂದೇ ಕಿಸೆಯಲ್ಲಿದ್ದರೆ ಮೂರು ಕಡೆ ಹುಡುಕುವ ಕೆಲಸ ಇಲ್ಲ. ಕೊನೆಗೊಂದು ಪ್ಲಾಸ್ಟಿಕ್ ಲಕೋಟೆ, ಬಟ್ಟೆಗೆ ಹೊಲಿಯದೆ ಗುಂಡಿಯಿಂದ ಸಿಕ್ಕಿಸಿದ್ದು. ಹೊರಗೆ ಹೋಗೋದು ಅದೊಂದೇ, ಇಡೀ ಕಡತ ಅಲ್ಲ. ನೀನು ಕೇಳಿದ ನೀರಿನ ಪ್ರಶ್ನೆಗೂ ಅರ್ಧ ಉತ್ತರ ಅಲ್ಲೇ ಇದೆ.

— ಇನ್ನರ್ಧ? ಪ್ರವಾಹ ಬಂದರೆ ಬಟ್ಟೆ ನೀರು ಕುಡಿಯುತ್ತದೆ. ಅದಲ್ಲದೆ ಎಲ್ಲ ಕಾಗದ ಒಂದೇ ಕಡೆ ಕೂಡಿಸಿದರೆ ಕಳ್ಳನಿಗೆ, ಬೆಂಕಿಗೆ, ಗೆದ್ದಲಿಗೆ ನೀವೇ ದಾರಿ ತೋರಿಸಿಕೊಟ್ಟಂತೆ.

— ಹೊಳೆ ಮನೆಬಾಗಿಲಿಗೆ ಬಂದಾಗ ಯಾರೂ ಕಾಗದ ಆರಿಸುತ್ತ ಕೂಡೋದಿಲ್ಲ. ಕಂಕುಳಲ್ಲಿ ಹಿಡಿದು ಓಡುವಂಥದ್ದು ಒಂದೇ ವಸ್ತುವಾಗಿರಬೇಕು. ಟ್ರಂಕು ಎತ್ತಲಿಕ್ಕೆ ಇಬ್ಬರು ಬೇಕು, ಗೋಡೆಯ ಗೂಟಕ್ಕೆ ತೂಗುಹಾಕಿದ ಕಡತಕ್ಕೆ ಒಂದು ಕೈ ಸಾಕು. ಅದಕ್ಕೊಂದು ಮೇಣಗಪ್ಪಡದ ಹೊರಚೀಲ ಇರಲಿ ಅಂದರೆ ಒಪ್ಪುತ್ತೇನೆ. ಗೂಟದ ಮೇಲಿದ್ದರೆ ನೆಲದ ತಂಪು, ಗೆದ್ದಲು ಎರಡೂ ದೂರ. ಒಂದು ಮಾತು ಮಾತ್ರ ಲಕ್ಷ್ಯದಲ್ಲಿಡಬೇಕು: ಹಳೆಯ ಕಡತದ ಹಾಗೆ ಬಟ್ಟೆಗೆ ಹುಣಸೆಬೀಜದ ಸರಿಯನ್ನೋ ಗಂಜಿಯನ್ನೋ ಬಳಿಯಬಾರದು, ಹುಳಕ್ಕೆ ಅದೇ ಊಟ. ಎಲ್ಲ ಒಂದೇ ಕಡೆ ಅನ್ನುವ ನಿನ್ನ ಆಕ್ಷೇಪ ಗಟ್ಟಿಯಾದದ್ದು, ಅದನ್ನು ವಿನ್ಯಾಸದಿಂದ ಪೂರ್ತಿ ಪರಿಹರಿಸಲಿಕ್ಕೆ ಆಗೋದಿಲ್ಲ. ಮೂರು ಅಸಲುಗಳ ಫೋಟೊ ಮೊಬೈಲಿನಲ್ಲಿ, ಒಂದೊಂದು ಝೆರಾಕ್ಸ್ ಪ್ರತಿ ಬೇರೆ ಊರಿನ ಬೀಗರ ಮನೆಯಲ್ಲಿ ಇಡಬೇಕು. ಕಂಪ್ಯೂಟರು ಬಹಳ ಚಲೋ ಮಾಡುವ ಕೆಲಸ ಅದು, ಅದಕ್ಕೇ ಬಿಡೋಣ.

— ತಲೆಕೆಳಗಾಗಿ ಹಿಡಿದರೆ ನಿಮ್ಮ ಕಿಸೆಯ ಕಾಗದವೆಲ್ಲ ಬೀಳುತ್ತವೆ.

— ಬೀಳುತ್ತವೆ! ಮೇಲಿನ ಅಂಚಿಗೆ ನಾಲ್ಕು ಬೆರಳು ಹೆಚ್ಚಿನ ಬಟ್ಟೆ ಬಿಟ್ಟು, ಮಡಚುವ ಮೊದಲು ಎಲ್ಲ ಕಿಸೆಗಳ ಬಾಯಿಯ ಮೇಲೆ ಅದನ್ನು ಇಳಿಬಿಡಬೇಕು, ಆಮೇಲೆ ಲಾಡಿ ಸುತ್ತಿ ಕಟ್ಟಬೇಕು. ಗಂಟಲ್ಲ, ಸುತ್ತು. ಗಂಟು ಬಿಗಿದರೆ ಬಿಚ್ಚುವ ಬೇಸರಕ್ಕೆ ಕಾಗದ ಹೊರಗೇ ಉಳಿಯುತ್ತದೆ.

— ಎಲ್ಲ ಕೇಳಿದ ಮೇಲೂ ಒಂದು ಸಂಶಯ ಉಳಿಯಿತು ಸರ್. ಹತ್ತು-ಇಪ್ಪತ್ತು ರೂಪಾಯಿಯ ಫೋಲ್ಡರು ಬಿಟ್ಟು ಬಟ್ಟೆ, ರಟ್ಟು, ಹೊಲಿಗೆ ಕೂಲಿ ಅಂತ ಅದರ ಎಷ್ಟೋ ಪಟ್ಟು ಕೊಡುವವರು ಯಾರು? ಕೈಮಗ್ಗದ ಬಟ್ಟೆ ಅಂದ ಕೂಡಲೇ ಅದು ಶಹರದ ಅಂಗಡಿಗೆ ಹೋಗಿ ಶೋಕಿಯ ಸಾಮಾನಾಗುತ್ತದೆ, ರಾಜೂರಿಗೆ ತಿರುಗಿ ಬರೋದಿಲ್ಲ.

— ಆ ಭಯ ನನಗೂ ಇದೆ. ಅದಕ್ಕೇ ಬಟ್ಟೆ ಕೈಮಗ್ಗದ್ದೇ ಆಗಬೇಕು ಅಂತ ನಾನು ಹಟ ಹಿಡಿಯೋದಿಲ್ಲ. ಮನೆಯಲ್ಲಿ ಹಳೆಯ ಇಳಕಲ್ ಸೀರೆ ಇದ್ದರೆ ಅದರ ಕೆಂಪು ಸೆರಗಿನ ತುಂಡೂ ನಡೆಯುತ್ತದೆ. ಗಟ್ಟಿಯಾದ ಹತ್ತಿ, ಬಣ್ಣ ಬಿಡದ್ದು ಆದರೆ ಸಾಕು. ಬಣ್ಣ ಬಿಡುತ್ತದೋ ಇಲ್ಲವೋ ಅನ್ನೋದಕ್ಕೆ ಒದ್ದೆ ಮಾಡಿ ಬಿಳಿ ಹಾಳೆಯ ಮೇಲೆ ಒಂದು ರಾತ್ರಿ ಒತ್ತಿಟ್ಟು ನೋಡಬೇಕು. ಬೆಲೆಯ ಮಾತಿಗೆ ಬಂದರೆ, ಪ್ಲಾಸ್ಟಿಕ್ ಫೋಲ್ಡರಿನ ಬೆಲೆಗೆ ಇದು ಎಂದೂ ಇಳಿಯೋದಿಲ್ಲ, ಇಳಿಯುತ್ತದೆ ಅಂತ ಹೇಳಿದರೆ ಸುಳ್ಳಾದೀತು. ಒಂದು ಅಸಲು ಖರೀದಿಪತ್ರ ಕಳೆದರೆ ಆಗುವ ಓಡಾಟ, ವಕೀಲರ ಫೀಸು, ಪೇಪರಿನ ಜಾಹೀರಾತು ಎಲ್ಲ ಕೂಡಿಸಿ ಇದರ ಎದುರಿಗಿಟ್ಟು ತೂಗಬೇಕು. ಸ್ತ್ರೀಶಕ್ತಿ ಸಂಘದವರಿಗೆ, ಊರಿನ ಟೇಲರಿಗೆ ಹೇಳಿ ಮೊದಲು ಒಂದನ್ನು ಹೊಲಿಸಲಿ, ಒಂದು ಬೆಳೆವಿಮೆಯ ಹಂಗಾಮು ಬಳಸಿ ನೋಡಲಿ, ಕಿಸೆ ಎಲ್ಲಿ ಸಣ್ಣದಾಯಿತು, ಲಾಡಿ ಎಲ್ಲಿ ತೊಡಕಾಯಿತು ಅಂತ ಹೇಳಲಿ. ಎರಡನೆಯದು ಮೊದಲಿನದಕ್ಕಿಂತ ಸುಧಾರಿಸಿರುತ್ತದೆ. ಅಲ್ಲಿಯವರೆಗೆ ಖರ್ಚಿಲ್ಲದ ಎರಡು ಕೆಲಸ ಇವೆ: ಅಸಲು ಕಾಗದಗಳಿಗೆ ಹೊಡೆದ ತುಕ್ಕು ಹಿಡಿದ ಪಿನ್ನುಗಳನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ ತೆಗೆಯಿರಿ, ಮತ್ತು ವಾಟ್ನಿ ಕಾಗದವನ್ನು ಲ್ಯಾಮಿನೇಶನ್ ಮಾಡಿಸಬೇಡಿರಿ.